ಸಾವಕಾರರ ಮೇಲಿನ ಸಿಟ್ಟು, ರೊಟ್ಟಿಯ ತಾಟಿನ ಮೇಲೆ

ರಬಕವಿ-ಬನಹಟ್ಟಿಯಿಂದ ನೇಕಾರರೊಬ್ಬರು ಬರೆದಿದ್ದಾರೆ. ನೂಲು ಕೊಟ್ಟು ನೇಯಿಸುವ ಸಾವಕಾರರಿಂದ ಮೂರು ವಾರದ ಮಜೂರಿ ಬಂದಿಲ್ಲ. ಕೇಳಲು ಹೋದರೆ 'ನೋಡೋಣ' ಎಂದು ಕಳಿಸಿದರಂತೆ. ಆ ರಾತ್ರಿ ಪಲ್ಯಕ್ಕೆ ಉಪ್ಪು ಜಾಸ್ತಿ ಆಯಿತೆಂದು ಇವರು ತಾಟು ಎಸೆದಿದ್ದಾರೆ. ಒಂಬತ್ತು ವರ್ಷದ ಮಗಳು ಅಂದಿನಿಂದ ಇವರು ಬಂದ ಕೂಡಲೇ ಒಳಗೆ ಹೋಗುತ್ತಾಳೆ. "ಸಿಟ್ಟು ಬಂದರೆ ನನಗೆ ನನ್ನ ಮೇಲೆ ಹಿಡಿತ ಇರೂದಿಲ್ಲ. ದೇವರ ಆಣೆ ಮಾಡಿದರೂ ನಿಲ್ಲವಲ್ದು. ದಿಂಬಿಗೆ ಗುದ್ದು, ಸಿಟ್ಟು ಹೊರಗೆ ಹೋಗ್ತದ ಅಂತಾರ ಗೆಳೆಯರು. ಏನು ಮಾಡ್ಲಿ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ

ನಮಸ್ಕಾರ. ಹಿಡಿತ ಇರುವುದಿಲ್ಲ ಅಂದಿರಿ. ಆ ಮಾತು ನಾನು ಒಪ್ಪುವುದಿಲ್ಲ. ಅವತ್ತು ಸಾವಕಾರರ ಮುಂದೆ ನಿಂತಾಗಲೂ ಸಿಟ್ಟು ಬಂದಿತ್ತು ಅಲ್ವಾ? ಅಲ್ಲಿ ಏನನ್ನೂ ಎಸೆಯಲಿಲ್ಲ. 'ಆಯ್ತ್ರಿ' ಅಂದು ಬಂದಿರಿ. ಹಿಡಿತ ಇತ್ತು. ಮನೆಯ ಹೊಸ್ತಿಲು ದಾಟಿದ ಮೇಲೆ ಅದನ್ನು ಬಿಟ್ಟಿರಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೇ ಆಯಿತು. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಅಲ್ಲಿ ಹಿಡಿದವರಿಗೆ ಇಲ್ಲೂ ಹಿಡಿಯಲು ಬರುತ್ತದೆ ಅಂತ ಹೇಳುತ್ತಿದ್ದೇನೆ.

ಸಿಟ್ಟು ಬಂದಿದ್ದೇ ತಪ್ಪು ಅಂತ ಯಾರಾದರೂ ಅಂದರೆ ನಂಬಬೇಡಿ. ದುಡಿದ ದುಡ್ಡು ಮೂರು ವಾರ ಬರದಿದ್ದರೆ ಯಾರಿಗೆ ಬರುವುದಿಲ್ಲ? ಸಿಟ್ಟೇ ಬರಬಾರದು ಅಂತ ಆಣೆ ಮಾಡಿದಿರಿ, ಅದಕ್ಕೇ ಆಣೆ ನಿಲ್ಲಲಿಲ್ಲ.

ಸಿಟ್ಟು ಬಂದಾಗ ಮೈ ಜಗಳಕ್ಕೆ ತಯಾರಾಗುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ದಿಂಬಿಗೆ ಗುದ್ದಿದರೆ ಆ ತಯಾರಿ ಇನ್ನೂ ಮುಂದುವರಿಯುತ್ತದೆ. 2024ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಿಧಾನದ ಉಸಿರಾಟ, ಧ್ಯಾನ, ಯೋಗದಂಥ ಮೈ ತಣ್ಣಗಾಗಿಸುವ ಕೆಲಸಗಳಿಂದ ಸಿಟ್ಟು ಇಳಿದಿತ್ತು. ಮೈ ಬಿಸಿ ಮಾಡುವ ಕೆಲಸಗಳಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಓಟದಿಂದಂತೂ ಸಿಟ್ಟು ಏರುವ ಸಾಧ್ಯತೆಯೇ ಹೆಚ್ಚು ಕಂಡಿತು.

ನಿಮಗೆ ಇದು ಹೊಸದೇನಲ್ಲ. ಎಳೆ ಹರಿದರೆ ನೀವು ಏನು ಮಾಡುತ್ತೀರಿ? ಮೊದಲು ಮಗ್ಗ ನಿಲ್ಲಿಸುತ್ತೀರಿ. ಆಮೇಲೆ ತುದಿ ಹುಡುಕಿ ಗಂಟು ಹಾಕುತ್ತೀರಿ. ಓಡುವ ಮಗ್ಗದಲ್ಲಿ ಯಾರೂ ಕೈ ಹಾಕುವುದಿಲ್ಲ.

ಇನ್ನೊಂದು ಮಾತು. ದಿನವಿಡೀ ಪಾವರ್‌ಲೂಮಿನ ಸದ್ದಿನಲ್ಲಿ ಇರುತ್ತೀರಿ. ಪಕ್ಕದವರಿಗೆ ಹೇಳಬೇಕಾದರೂ ಕೂಗಬೇಕು. ಅದೇ ಗಂಟಲು, ಅದೇ ಹಸಿವು ಹೊತ್ತುಕೊಂಡು ನೇರ ಅಡುಗೆಮನೆಗೆ ಬಂದರೆ ಉಪ್ಪು ಒಂದು ನೆಪ ಅಷ್ಟೆ. ಮಗ್ಗದಿಂದ ಎದ್ದ ಮೇಲೆ ಹತ್ತು ನಿಮಿಷ ಕಟ್ಟೆ ಮೇಲೆ ಸುಮ್ನೆ ಕೂತುಕೊಳ್ಳಿ. ಉಸಿರು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಮೊಬೈಲ್ ಬೇಡ. ಮುಖ ತೊಳೆದು ಒಳಗೆ ಹೋಗಿ. ಊಟದ ನಡುವೆ ಹಲ್ಲು ಕಚ್ಚಿಕೊಂಡಿದ್ದು ಗೊತ್ತಾದರೆ ಮನೆಯವರಿಗೆ 'ಸ್ವಲ್ಪ ಹೊರಗೆ ಹೋಗಿ ಬರ್ತೀನಿ' ಅಂತ ಹೇಳಿ ಏಳಿ. ಹೇಳಿಯೇ ಹೋಗಬೇಕು, ಹೇಳಿದಂತೆ ತಿರುಗಿ ಬರಲೂಬೇಕು.

ಇಷ್ಟಾದರೂ ಮಜೂರಿ ಬಂದಿಲ್ಲ. ಅದು ಬರುವ ತನಕ ಸಿಟ್ಟು ದಿನಾ ಬಾಗಿಲು ಬಡಿಯುತ್ತದೆ. ಯಾವ ತಾರೀಖಿಗೆ ಎಷ್ಟು ಸೀರೆ ಕೊಟ್ಟಿರಿ, ಬಾಕಿ ಎಷ್ಟು, ಒಂದು ಹಾಳೆಯಲ್ಲಿ ಬರೆಯಿರಿ. ಬಾಕಿ ಬರಬೇಕಾದ ಇನ್ನಿಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಹೋಗಿ. ಹಾಳೆ ಮುಂದಿಟ್ಟು, ಯಾವ ದಿನ ಕೊಡುತ್ತೀರಿ ಅಂತ ದನಿ ಏರಿಸದೆ ಕೇಳಿ. 'ನೋಡೋಣ' ಅಂದರೆ ತಾರೀಖು ಸಿಗುವ ತನಕ ಕೂತಿರಿ. ನಿಮ್ಮ ಸಿಟ್ಟು ಕೆಲಸ ಮಾಡಬೇಕಾದ ಜಾಗ ಅದು.

ಮನೆಯವರ ಮೇಲೆ ಎಂದಾದರೂ ಕೈ ಎತ್ತಿದ್ದರೆ, ಸಿಟ್ಟಿನ ಜೊತೆ ಕುಡಿತವೂ ಇದ್ದರೆ, ನನ್ನ ಉತ್ತರ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿರುವ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು.

ಇನ್ನು ನಿಮ್ಮ ಮಗಳು. ನಾನೂ ಅಂಥ ಮನೆಯಲ್ಲೇ ಬೆಳೆದವಳು. ಅಪ್ಪ ಅಂಗಳದಲ್ಲಿ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಕೇಳಿಯೇ ಅವತ್ತಿನ ಸಿಟ್ಟು ಎಷ್ಟಿದೆ ಅಂತ ಅಳೆಯುತ್ತಿದ್ದೆ. ಸ್ಟ್ಯಾಂಡನ್ನು ಜೋರಾಗಿ ಒದ್ದರೆ ಪುಸ್ತಕ ಎತ್ತಿಕೊಂಡು ಹಿತ್ತಲಿಗೆ. ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅಪ್ಪ ಹಿತ್ತಲಿಗೇ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, 'ನಿನ್ನೆ ನಂದು ತಪ್ಪಾತವ್ವಾ' ಅಂದರು. ನಾನು ಏನೂ ಅನ್ನಲಿಲ್ಲ. ಅವರೂ ಬಲವಂತ ಮಾಡಲಿಲ್ಲ. ನನ್ನ ಹೆದರಿಕೆ ಅವತ್ತೇ ಹೋಗಲಿಲ್ಲ, ತಿಂಗಳುಗಳು ಬೇಕಾದವು. ಆದರೆ ಮರುದಿನದಿಂದ ಅವರು ಸೈಕಲ್ ಸ್ಟ್ಯಾಂಡನ್ನು ಕೈಯಿಂದ ಹಾಕತೊಡಗಿದರು. ಅದು ನನಗೆ ಇವತ್ತಿಗೂ ನೆನಪಿದೆ.

ನಿಮ್ಮ ಮಗಳ ಹತ್ತಿರ ಹೋಗಿ. ಅವಳನ್ನು ಹೊರಗೆ ಕರೆಯಬೇಡಿ, ನೀವೇ ಒಳಗೆ ಹೋಗಿ ನೆಲದ ಮೇಲೆ ಕೂತುಕೊಳ್ಳಿ. ತಾಟು ಎಸೆದದ್ದು ನನ್ನ ತಪ್ಪು ಅಂತ ಹೇಳಿ. ಅವಳ ತಾಯಿಗೂ ಅವಳ ಎದುರಿಗೇ ಹೇಳಿ. ಉಪ್ಪಿನ ಮಾತು ಮಾತ್ರ ತೆಗೆಯಬೇಡಿ.