ಟ್ರಾವೆಲ್ ಟ್ರೈಲರ್‌ಗೆ (ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆಗೆ) ಎಂಥ ಬ್ಯಾಕಪ್ ಕ್ಯಾಮೆರಾ ತಗೋಬೇಕು, ನಾವೇ ಹಾಕಬಹುದಾ?

ಖಂಡಿತ ಹಾಕಬಹುದು. ಮೊದಲು ಟ್ರೈಲರ್‌ನ ಹಿಂಬದಿ, ಮೇಲ್ಗಡೆ ನೋಡಿ. ಅಮೆರಿಕದಲ್ಲಿ ಈಚೆಗೆ ಬಂದ ಎಷ್ಟೋ ಟ್ರೈಲರ್‌ಗಳಲ್ಲಿ ಕ್ಯಾಮೆರಾಗೆಂದೇ ಖಾಲಿ ಬ್ರಾಕೆಟ್ ಇರುತ್ತದೆ, ಹೆಚ್ಚಾಗಿ ಫ್ಯೂರಿಯನ್ ಕಂಪನಿಯದು, ಒಳಗೆ 12 ವೋಲ್ಟ್ ವೈರ್ ಕೂಡ ಎಳೆದಿರುತ್ತಾರೆ. ಅದಿದ್ದರೆ ಜಾಸ್ತಿ ಯೋಚಿಸಬೇಡಿ, ಅದಕ್ಕೆ ಕೂರುವ ಕ್ಯಾಮೆರಾನೇ ತಗೊಳ್ಳಿ.

ಇಲ್ಲದಿದ್ದರೆ ಸ್ವಂತ ಸ್ಕ್ರೀನ್ ಇರುವ ಡಿಜಿಟಲ್ ವೈರ್‌ಲೆಸ್ ಸೆಟ್ ಸಾಕು. ವೈಫೈನಲ್ಲಿ ಫೋನಿಗೆ ಚಿತ್ರ ಕಳಿಸುವ ಅಗ್ಗದ್ದು ಬೇಡ; ಚಿತ್ರ ಒಂದು ಕ್ಷಣ ತಡವಾಗಿ ಬಂದರೂ ಅಷ್ಟರಲ್ಲಿ ಬಂಪರ್ ಮರಕ್ಕೆ ತಾಗಿರುತ್ತದೆ. ಟ್ರೈಲರ್ 30 ಅಡಿ ದಾಟಿದ್ದರೆ ಆಂಟೆನಾ ಮುಂದಕ್ಕೆ ಎಳೆಯಲು ಆಗುವಂಥದ್ದನ್ನು ನೋಡಿ, ಅಲ್ಯೂಮಿನಿಯಂ ಗೋಡೆ ಸಿಗ್ನಲ್ ತಡೆಯುತ್ತದೆ.

ಗೊಂದಲ ಆಗುವುದು ಕರೆಂಟ್ ವಿಷಯದಲ್ಲಿ. ರಿವರ್ಸ್ ಲೈಟ್‌ನಿಂದ ತಗೊಳ್ಳೋಣ ಅನಿಸುತ್ತದೆ, ಅಲ್ವಾ? ಗಾಡಿಯಿಂದ ಟ್ರೈಲರ್‌ಗೆ ಕರೆಂಟ್ ಕೊಡುವ 7 ಪಿನ್ ಪ್ಲಗ್‌ನ ನಡುವಿನ ಪಿನ್ ಇರುವುದು ಸಾಮಾನ್ಯವಾಗಿ ಅದಕ್ಕೇ, ಆದರೆ ಬಹಳಷ್ಟು ಟ್ರೈಲರ್‌ಗಳಲ್ಲಿ ಆ ವೈರ್ ಹಿಂದಿನವರೆಗೆ ಹೋಗಿರುವುದೇ ಇಲ್ಲ. ಸುಮ್ನೆ ಹಿಂಬದಿ ಮೇಲ್ಗಡೆ ಇರುವ ಕೆಂಪು ಕ್ಲಿಯರೆನ್ಸ್ ದೀಪ (ಟ್ರೈಲರ್‌ನ ಎತ್ತರ, ಅಗಲ ತೋರಿಸುವ ಪುಟ್ಟ ದೀಪ) ಬಿಚ್ಚಿ ಅದರ ವೈರಿಗೇ ಜೋಡಿಸಿ. ಗಾಡಿಯ ಹೆಡ್‌ಲೈಟ್ ಹಾಕಿದಾಗಷ್ಟೇ ಕ್ಯಾಮೆರಾ ಓಡುತ್ತದೆ, ನಿಜ. ಹಗಲಲ್ಲೂ ಹಾಕಿಕೊಂಡೇ ಹೋಗಿ, ಹೈವೇಯಲ್ಲಿ ಹಿಂದೆ ಯಾರಿದ್ದಾರೆ ಅಂತಲೂ ಕಾಣುತ್ತದೆ.

ಬ್ರಾಕೆಟ್ ಹಿಂದೆ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ಅಂಟು ಪಟ್ಟಿ) ಹಚ್ಚಿ ಸ್ಕ್ರೂ ಬಿಗಿ ಮಾಡಿ, ಅಂಚಿಗೆ ಆರ್‌ವಿ ಸೀಲೆಂಟ್ (ಇಂಥ ಗಾಡಿಗಳ ಸಂದು ಮುಚ್ಚುವ ಅಂಟು) ಬಳಿಯಿರಿ. ನೀರು ಒಳಗಿಳಿದರೆ ಗೋಡೆಯ ಮರ ಕೊಳೆಯುತ್ತದೆ, ಆ ರಿಪೇರಿ ಖರ್ಚಿನಲ್ಲಿ ಇನ್ನೂ ನಾಲ್ಕು ಕ್ಯಾಮೆರಾ ಬರುತ್ತವೆ.