ಸ್ತನದ ಇಂಪ್ಲಾಂಟ್ ಆಪರೇಷನ್ ಆದ ಮೇಲೆ ಒಂದೇ ಕಡೆ ಊತ ಏರುತ್ತಿದ್ದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಇಂಪ್ಲಾಂಟ್ ಹಾಕಿಸಿ ಇವತ್ತಿಗೆ ಎರಡನೇ ದಿನ. ಬೆಳಗ್ಗೆಯಿಂದ ಎಡಗಡೆ ಮಾತ್ರ ಊದಿ ಬಿಗಿಯಾಗುತ್ತಿದೆ, ಪಕ್ಕದಲ್ಲಿ ನೀಲಿಗಟ್ಟಿದೆ, ಮಾತ್ರೆ ನುಂಗಿದರೂ ನೋವು ಇಳಿದಿಲ್ಲ. ಇದು ಹೆಮಟೋಮಾ, ಅಂದರೆ ಒಳಗೆ ರಕ್ತ ತುಂಬಿ ಹೆಪ್ಪುಗಟ್ಟುವುದು ಇರಬಹುದಾ, ಐಸ್ ಇಟ್ಟುಕೊಂಡು ಇನ್ನೆರಡು ದಿನ ನೋಡಬಹುದಾ, ಮತ್ತೆ ಆಪರೇಷನ್ ಅಂದರೆ ಇಂಪ್ಲಾಂಟ್ ಹೋದಂತೇನಾ ಅಂತ ಕೇಳಿದ್ದೀರಿ. ನಿನ್ನೆ ಮೇಲಿನ ಕಪಾಟಿನಿಂದ ಡಬ್ಬ ಇಳಿಸಿದ್ದಕ್ಕೇ ಹೀಗಾಯಿತಾ ಅನ್ನುವ ಅನುಮಾನವೂ ನಿಮಗಿದೆ.

ಮಿಕ್ಕಿದ್ದನ್ನು ಆಮೇಲೆ ಓದಿ. ಈಗಲೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ. ಅಲ್ಲೂ ಯಾರೂ ಎತ್ತದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೊರಡಿ. ಸ್ವಂತ ಗಾಡಿ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ತಲೆಸುತ್ತು, ತಣ್ಣನೆ ಬೆವರು, ಎದೆ ಡವಡವ, ಉಸಿರಾಟಕ್ಕೆ ತೊಂದರೆ ಇದ್ದರೆ ಫೋನಿಗೂ ಕಾಯಬೇಡಿ, ಆಂಬುಲೆನ್ಸ್ ಕರೆಸಿ. ನೀವು ಹೇಳಿರುವ ಲಕ್ಷಣಕ್ಕೆ "ಎರಡು ದಿನ ನೋಡೋಣ" ಅನ್ನುವುದು ಸರಿಯಲ್ಲ.

ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್. ಆಪರೇಷನ್ ಮುಗಿಸಿ ಬಂದವರನ್ನು ರಾತ್ರಿಯೆಲ್ಲಾ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮನ್ನು ಕಣ್ಣಾರೆ ನೋಡದೆ ಇದು ಹೆಮಟೋಮಾನೇ ಅಂತ ನಾನು ಹೇಳಲಾರೆ. ಆದರೆ ನೀವು ಬರೆದಿದ್ದನ್ನು ನನ್ನ ವಾರ್ಡಿನಲ್ಲಿ ಯಾರಾದರೂ ಹೇಳಿದ್ದರೆ, ನಾನು ಅವರ ಮಂಚದ ಹತ್ತಿರ ನಿಂತುಕೊಂಡೇ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಇಂಪ್ಲಾಂಟ್ ಕೂರಿಸಲು ಸ್ತನದ ಅಡಿಗೋ ಎದೆಯ ಸ್ನಾಯುವಿನ ಅಡಿಗೋ ಜಾಗ ಬಿಡಿಸುತ್ತಾರೆ. ಡಾಕ್ಟರುಗಳು ಅದನ್ನು ಪಾಕೆಟ್ ಅನ್ನುತ್ತಾರೆ. ಆಗ ಕತ್ತರಿಸಿದ ಸಣ್ಣ ರಕ್ತನಾಳಗಳನ್ನು ಅಲ್ಲಲ್ಲೇ ಸುಟ್ಟು ಮುಚ್ಚುತ್ತಾರೆ. ಅರಿವಳಿಕೆಯಲ್ಲಿರುವಾಗ ಬಿಪಿ ಸಾಮಾನ್ಯವಾಗಿ ಕೆಳಗಿರುತ್ತದೆ, ಎಲ್ಲವೂ ಒಣಗಿದಂತೆ ಕಾಣುತ್ತದೆ. ಎಚ್ಚರವಾದ ಮೇಲೆ ಬಿಪಿ ಏರುತ್ತದೆ. ವಾಂತಿ ಬರುತ್ತದೆ, ಕೆಮ್ಮು ಬರುತ್ತದೆ, ನೋವಿಗೆ ಮೈ ಬಿಗಿಯುತ್ತದೆ. ಮುಚ್ಚಿದ್ದ ಒಂದು ನಾಳ ಆ ಒತ್ತಡಕ್ಕೆ ಮತ್ತೆ ಬಾಯಿ ಬಿಡಬಹುದು. ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಇಂಪ್ಲಾಂಟ್ ಸುತ್ತ ತುಂಬಿ ಹೆಪ್ಪುಗಟ್ಟುತ್ತದೆ. ಇದೇ ಹೆಮಟೋಮಾ. ಈ ಆಪರೇಷನ್ ಆದ ನೂರು ಜನರಲ್ಲಿ ಸುಮಾರು ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತದೆ. ಹೆಚ್ಚಿನವು ಮೊದಲ ಒಂದೆರಡು ದಿನದಲ್ಲೇ ಕಾಣಿಸಿಕೊಳ್ಳುತ್ತವೆ.

ಹಾಗಂತ ಎಲ್ಲ ಊತವೂ ಹೆಮಟೋಮಾ ಅಲ್ಲ. ಮೊದಲ ದಿನಗಳಲ್ಲಿ ಎರಡೂ ಕಡೆ ಊದುವುದು ಸಹಜ. ಎರಡೂ ಸಮಸಮ ಊದಲೇಬೇಕು ಅಂತಲೂ ಇಲ್ಲ. ಚರ್ಮ ನೀಲಿಗಟ್ಟುವುದೂ ಮಾಮೂಲು. ಆ ನೀಲಿ ದಿನ ಕಳೆದಂತೆ ಹಸಿರಾಗಿ, ಹಳದಿಯಾಗಿ, ಪಕ್ಕೆಗೂ ಹೊಟ್ಟೆಯ ಕಡೆಗೂ ಇಳಿಯುತ್ತದೆ. ನೋಡಿದವರು ಗಾಬರಿ ಬೀಳುತ್ತಾರೆ, ಆದರೆ ಅದರ ಜೊತೆ ಊತವೂ ನೋವೂ ಇಳಿಯುತ್ತಿದ್ದರೆ ಅದು ವಾಸಿಯಾಗುವ ರೀತಿಯೇ.

ನಾವು ನೋಡುವುದು ಮುಖ್ಯವಾಗಿ ಒಂದೇ: ಒಂದು ಕಡೆ ಇನ್ನೊಂದನ್ನು ಬಿಟ್ಟು ಮುಂದೆ ಹೋಗುತ್ತಿದೆಯಾ? ರಾತ್ರಿ ಪಾಳಿಯಲ್ಲಿ ಅನುಮಾನ ಬಂದರೆ ಊತದ ಅಂಚಿಗೆ, ನೀಲಿಯ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲೇ ಗಂಟೆ ಬರೆಯುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಟಾರ್ಚ್ ಹಿಡಿದು ಬಂದಾಗ ಬಣ್ಣ ಗೆರೆ ದಾಟಿದ್ದರೆ ಇನ್ನು ಯೋಚಿಸುವುದೇನೂ ಇಲ್ಲ. ಆಮೇಲೆ ಎರಡೂ ಕಡೆ ಒಟ್ಟಿಗೆ ಮೆಲ್ಲಗೆ ಕೈಯಿಟ್ಟು ನೋಡುತ್ತೇನೆ. ಸರಿಯಿರುವ ಕಡೆ ಊದಿದ್ದರೂ ಬೆರಳಿಗೆ ಸ್ವಲ್ಪ ಬಗ್ಗುತ್ತದೆ. ರಕ್ತ ತುಂಬುತ್ತಿರುವ ಕಡೆ ಗಾಳಿ ಜಾಸ್ತಿ ಹೊಡೆದ ಚೆಂಡಿನಂತೆ ಗಟ್ಟಿ. ಚರ್ಮ ಎಳೆದುಕೊಂಡು ಮಿರಮಿರ ಹೊಳೆಯುತ್ತದೆ. ನೋವೂ ಬೇರೆ ತರಹ. "ಒಳಗಿಂದ ಒಡೆದು ಹೋಗುತ್ತದೆ ಅನ್ನಿಸುತ್ತಿದೆ" ಅನ್ನುತ್ತಾರೆ. ಮಧ್ಯಾಹ್ನ ಮಾತ್ರೆಗೆ ಇಳಿದಿದ್ದ ನೋವು ಸಂಜೆಗೆ ಅದೇ ಮಾತ್ರೆಗೆ ಇಳಿಯದಿದ್ದರೆ ಆ ಮಾತನ್ನು ನಾನು ಯಾವತ್ತೂ ತಳ್ಳಿಹಾಕುವುದಿಲ್ಲ.

ಡ್ರೈನ್, ಅಂದರೆ ಒಳಗಿನ ರಕ್ತ ಹೊರಗಿನ ಬಾಟಲಿಗೆ ಬರಲು ಬಿಡುವ ಕೊಳವೆ, ಹಾಕಿದ್ದರೆ ಅದರ ಬಗ್ಗೆಯೂ ಒಂದು ಮಾತು. ಬಾಟಲಿಯಲ್ಲಿ ತಾಜಾ ಕೆಂಪು ರಕ್ತ ಬೇಗ ಬೇಗ ತುಂಬುತ್ತಿದ್ದರೆ ಅಪಾಯ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಬಾಟಲಿ ಖಾಲಿ ಇದೆ ಅಂತ ನೆಮ್ಮದಿಯಿಂದ ಇರುವಂತಿಲ್ಲ. ಹೆಪ್ಪು ಸಿಕ್ಕಿಕೊಂಡು ಕೊಳವೆ ಕಟ್ಟಿದರೂ ಬಾಟಲಿ ಖಾಲಿಯೇ ಇರುತ್ತದೆ.

ಈಗ ಐಸ್ ವಿಷಯ. ಒಳಗೆ ಸುರಿಯುತ್ತಿರುವ ರಕ್ತವನ್ನು ಐಸ್ ನಿಲ್ಲಿಸುವುದಿಲ್ಲ. ಅದರ ಮೇಲೆ, ಆಪರೇಷನ್ ಆದ ಜಾಗದ ಚರ್ಮಕ್ಕೆ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ. ಐಸ್ ಜಾಸ್ತಿ ಹೊತ್ತು ಇಟ್ಟು ಚರ್ಮ ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಬಿಸಿ ಶಾಖ ಬೇಡವೇ ಬೇಡ. ಒತ್ತಿ, ತಿಕ್ಕಿ ಕರಗಿಸಲು ಹೋಗಬೇಡಿ. ಮೇಲೆ ಇನ್ನೊಂದು ಬಟ್ಟೆ ಬಿಗಿಯಾಗಿ ಸುತ್ತಬೇಡಿ, ಕೊಟ್ಟಿರುವ ಸರ್ಜಿಕಲ್ ಬ್ರಾ ಸಾಕು. ನೋವು ತಡೆಯಲಾಗದೆ ಮನೆಯಲ್ಲಿದ್ದ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನುಂಗುವವರಿದ್ದಾರೆ. ಇವು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ ಕಣಗಳ ಕೆಲಸಕ್ಕೆ ಅಡ್ಡ ಬರುತ್ತವೆ, ರಕ್ತಸ್ರಾವ ಜಾಸ್ತಿಯಾಗಬಹುದು. ಸರ್ಜನ್ ಬರೆದುಕೊಟ್ಟ ಮಾತ್ರೆ ಬಿಟ್ಟು ಬೇರೆ ಯಾವುದನ್ನೂ ಅವರನ್ನು ಕೇಳದೆ ನುಂಗಬೇಡಿ. ಇನ್ನೊಂದು ಮಾತು: ಹೃದಯಕ್ಕೋ ಬೇರೆ ಕಾಯಿಲೆಗೋ ರಕ್ತ ತೆಳು ಮಾಡುವ ಮಾತ್ರೆ ಮೊದಲಿಂದ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವೇ ನಿಲ್ಲಿಸಲೂಬೇಡಿ. ಫೋನಿನಲ್ಲಿ ಅದರ ಹೆಸರು ಹೇಳಿ, ಅವರು ತೀರ್ಮಾನಿಸಲಿ.

ಫೋನಿನಲ್ಲಿ "ಸ್ವಲ್ಪ ಊದಿದೆ" ಅನ್ನಬೇಡಿ. ಹಾಗಂದರೆ ಆ ಕಡೆಯವರು "ಊತ ಇರುತ್ತೆ ಬಿಡಿ" ಅಂದುಬಿಡುವ ಸಾಧ್ಯತೆ ಇದೆ. "ಒಂದೇ ಕಡೆ ಊದಿದೆ, ಬೆಳಗ್ಗೆಗಿಂತ ಈಗ ಜಾಸ್ತಿಯಾಗಿದೆ, ಗಟ್ಟಿಯಾಗಿದೆ, ಮಾತ್ರೆಗೆ ನೋವು ಇಳಿಯುತ್ತಿಲ್ಲ" ಅಂತ ಬಿಡಿಸಿ ಹೇಳಿ. ಎರಡೂ ಕಡೆ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಗ್ಗೆಯದೊಂದು, ಈಗಿನದೊಂದು ಇದ್ದರೆ ಇನ್ನೂ ಒಳ್ಳೆಯದು. ಮತ್ತೆ, ಡಾಕ್ಟರ್ ನೋಡುವ ತನಕ ಏನೂ ತಿನ್ನಬೇಡಿ, ಕುಡಿಯಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಕೊನೆಯ ಸಲ ಏನು ತಿಂದಿರಿ, ಎಷ್ಟು ಹೊತ್ತಿಗೆ ಅಂತ ನೆನಪಿಟ್ಟುಕೊಳ್ಳಿ, ಅದನ್ನು ಖಂಡಿತ ಕೇಳುತ್ತಾರೆ. ಡಿಸ್ಚಾರ್ಜ್ ಸಮರಿ, ಇಂಪ್ಲಾಂಟ್ ಕಾರ್ಡು, ಮಾತ್ರೆಗಳ ಚೀಟಿ ಕೈಯಲ್ಲಿರಲಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ತಡವಾಗುವುದು ಬಹಳ ಸಲ ಇದರಿಂದಲೇ. ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಎಷ್ಟೋ ಜನ ಮನೆಯವರಿಗೆ ಹೇಳಿರುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ "ಯಾರು ಮಾಡಿಸ್ಕೋ ಅಂದಿದ್ದು" ಅನ್ನಿಸಿಕೊಳ್ಳಬೇಕಲ್ಲ ಅಂತ ನೋವನ್ನು ನುಂಗಿಕೊಂಡು ಮಲಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲರಿಗೂ ಹೇಳಬೇಕಿಲ್ಲ. ಇವತ್ತು ನಿಮ್ಮ ಜೊತೆ ಬರುವ ಒಬ್ಬರಿಗೆ ಹೇಳಿ, ಸಾಕು. ಎಮರ್ಜೆನ್ಸಿಯಲ್ಲಿ ಮಾತ್ರ ಯಾವ ಆಪರೇಷನ್, ಯಾವತ್ತು ಆಯಿತು ಅಂತ ಒಂದಕ್ಷರ ಮುಚ್ಚಿಡದೆ ಹೇಳಿ. ಅಲ್ಲಿರುವವರಿಗೆ ನೀವು ರಕ್ತಸ್ರಾವ ಆಗುತ್ತಿರಬಹುದಾದ ಪೇಷಂಟ್, ಅಷ್ಟೇ.

ಅಲ್ಲಿ ಏನು ಮಾಡುತ್ತಾರೆ? ಬಿಪಿ, ನಾಡಿ, ಹಿಮೋಗ್ಲೋಬಿನ್ ನೋಡುತ್ತಾರೆ. ಎದ್ದು ಕಾಣುವ ಹಾಗೆ ಬೆಳೆಯುತ್ತಿದ್ದರೆ ಸ್ಕ್ಯಾನಿಗೂ ಕಾಯದೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಬಹುದು. ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಸಣ್ಣದಾಗಿದ್ದು, ಬೆಳೆಯದೆ, ನೋವೂ ಹತೋಟಿಯಲ್ಲಿದ್ದರೆ ಕೆಲವು ಸಲ ಸುಮ್ನೆ ಗಮನಿಸುತ್ತಾರೆ. ಅಂಥ ರಕ್ತವನ್ನು ದೇಹವೇ ಕೆಲವು ವಾರಗಳಲ್ಲಿ ಹೀರಿಕೊಳ್ಳುತ್ತದೆ. ಆದರೆ ಅದನ್ನು ಹೇಳಬೇಕಾದವರು ಕೈಮುಟ್ಟಿ ನೋಡಿದ ಸರ್ಜನ್. ಸೂಜಿ ಹಾಕಿ ಎಳೆದುಬಿಡಿ ಅಂತ ಕೆಲವರು ಕೇಳುತ್ತಾರೆ. ಹೆಪ್ಪುಗಟ್ಟಿದ ರಕ್ತ ಸೂಜಿಯಲ್ಲಿ ಬರುವುದು ಕಷ್ಟ, ಇಂಪ್ಲಾಂಟಿಗೆ ಚುಚ್ಚುವ ಅಪಾಯ ಬೇರೆ.

ಎರಡನೇ ಆಪರೇಷನ್ ಅಂದರೆ ನೀವು ಅಂದುಕೊಂಡಷ್ಟು ಭಯಪಡುವಂಥದ್ದಲ್ಲ. ಸಾಮಾನ್ಯವಾಗಿ ಹಳೆಯ ಗಾಯವನ್ನೇ ಬಿಚ್ಚುತ್ತಾರೆ, ಹೊಸ ಗಾಯ ಮಾಡುವುದಿಲ್ಲ. ಇಂಪ್ಲಾಂಟ್ ಹೊರಗೆ ತೆಗೆದು, ಹೆಪ್ಪನ್ನು ಪೂರ್ತಿ ತೆಗೆದು, ಪಾಕೆಟ್ ತೊಳೆದು, ರಕ್ತ ಜಿನುಗುವ ಜಾಗ ಹುಡುಕಿ ಮುಚ್ಚುತ್ತಾರೆ. ಸೋಂಕಿನ ಲಕ್ಷಣ ಇಲ್ಲದಿದ್ದರೆ ಅದೇ ಇಂಪ್ಲಾಂಟನ್ನು ತೊಳೆದು, ಇಲ್ಲವೇ ಹೊಸದನ್ನು, ಅದೇ ಹೊತ್ತಿಗೆ ವಾಪಸ್ ಕೂರಿಸುವುದೇ ಹೆಚ್ಚು. ಎಷ್ಟೋ ಸಲ ಒಂದು ಡ್ರೈನ್ ಬಿಡುತ್ತಾರೆ. ಎಚ್ಚರವಾದಾಗ ಹೆಚ್ಚಿನವರು ಹೇಳುವ ಮೊದಲ ಮಾತು "ಆ ಬಿಗಿತ ಹೋಯ್ತು" ಅಂತ. ರಾತ್ರಿಯೆಲ್ಲಾ ನರಳಿದವರ ಮುಖ ಸಡಿಲವಾಗುವುದನ್ನು ನೋಡಿದರೆ ನನಗೂ ಜೀವ ಬಂದಂತಾಗುತ್ತದೆ.

ಹಾಗೇ ಬಿಟ್ಟರೆ? ಬಿಗಿದ ಚರ್ಮಕ್ಕೆ ರಕ್ತ ಸಂಚಾರ ಕಡಿಮೆಯಾಗಿ ಹಾನಿಯಾಗಬಹುದು. ನಿಂತ ರಕ್ತದಲ್ಲಿ ಸೋಂಕು ಬೆಳೆಯಬಹುದು. ಇಂಪ್ಲಾಂಟ್ ಹೋಗುವ ಅಪಾಯ ನಿಜಕ್ಕೂ ಇರುವುದು ಆಗ. ಇನ್ನೊಂದು ತೊಂದರೆ ತಿಂಗಳುಗಳ ನಂತರ ಬರುವಂಥದ್ದು. ಇಂಪ್ಲಾಂಟ್ ಸುತ್ತ ದೇಹ ಒಂದು ತೆಳು ಪೊರೆ ಕಟ್ಟುವುದು ಎಲ್ಲರಲ್ಲೂ ಇದ್ದದ್ದೇ. ಹೆಮಟೋಮಾ ಆದವರಲ್ಲಿ ಆ ಪೊರೆ ದಪ್ಪವಾಗಿ ಬಿಗಿಯುವ ಸಾಧ್ಯತೆ ಜಾಸ್ತಿ. ಇದಕ್ಕೆ ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಸ್ತನ ಗಟ್ಟಿಯಾಗುತ್ತದೆ, ಆಕಾರ ಬದಲಾಗುತ್ತದೆ, ಜಾಸ್ತಿಯಾದರೆ ನೋವೂ ಬರುತ್ತದೆ. ಹೆಪ್ಪನ್ನು ಬೇಗ ತೆಗೆಸುವುದಕ್ಕೆ ಇದೂ ಒಂದು ಕಾರಣ.

ಇನ್ನು ಡಬ್ಬ ಇಳಿಸಿದ ವಿಷಯ. ಮೊದಲ ದಿನಗಳಲ್ಲಿ ಭಾರ ಎತ್ತಬಾರದು, ಕೈ ಮೇಲೆ ಚಾಚಬಾರದು ಅನ್ನುವುದು ನಿಜ. ಆದರೆ ಏನೂ ಮಾಡದೆ ಮಂಚದಲ್ಲೇ ಮಲಗಿದ್ದವರಿಗೂ ಹೆಮಟೋಮಾ ಆಗಿದ್ದನ್ನು ನಾನು ಕಂಡಿದ್ದೇನೆ. ಎಷ್ಟೋ ಸಲ ಮತ್ತೆ ಬಿಚ್ಚಿ ನೋಡಿದಾಗ ಇದೇ ನಾಳ ಅಂತ ಬೊಟ್ಟು ಮಾಡಲು ಸರ್ಜನ್‌ಗೂ ಆಗುವುದಿಲ್ಲ. ಆ ಯೋಚನೆ ಇವತ್ತು ಬಿಡಿ. ಆದರೆ ಡಾಕ್ಟರಿಗೆ ಹೇಳುವುದನ್ನು ಮಾತ್ರ ಬಿಡಬೇಡಿ. ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ, ಗಿಂಕೊ ಅನ್ನುವ ಗಿಡಮೂಲಿಕೆ ಮಾತ್ರೆ ತರಹದ್ದು ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಇವು ಔಷಧಿ ಅಂತ ಅನ್ನಿಸುವುದೇ ಇಲ್ಲ, ಆದ್ದರಿಂದ ಯಾರೂ ಹೇಳುವುದಿಲ್ಲ. ಮೊದಲಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಒದ್ದಾಡಿದ್ದರೆ ಅದನ್ನೂ ಹೇಳಿ. ವಾನ್ ವಿಲ್ಲೆಬ್ರಾಂಡ್ ಅನ್ನುವ ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಎಷ್ಟೋ ಜನರಿಗೆ ಇದ್ದರೂ ಗೊತ್ತಿರುವುದಿಲ್ಲ.

ರಕ್ತ ತೆಗೆಸಿ ಮನೆಗೆ ಬಂದ ಮೇಲೆ ಬೆನ್ನಿಗೆ ದಿಂಬು ಕೊಟ್ಟು ತಲೆ ಎತ್ತರಿಸಿ ಮಲಗಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕಿದರೆ ಬಿಪಿ ಏರುತ್ತದೆ. ಬೀಡಿ ಸಿಗರೇಟು ಬೇಡ. ವ್ಯಾಯಾಮ, ಮಸಾಜ್ ಯಾವಾಗ ಅನ್ನುವುದನ್ನು ಸರ್ಜನ್ ಹೇಳುವ ತನಕ ಶುರು ಮಾಡಬೇಡಿ. ಕೆಲವು ದಿನಗಳ ನಂತರ ಜ್ವರ, ಕೆಂಪು, ಕೀವು ಕಂಡರೆ ಅದು ಸೋಂಕಿನ ಕಡೆಗೆ ಬೊಟ್ಟು ಮಾಡುತ್ತದೆ, ಅದಕ್ಕೂ ಅವತ್ತೇ ಹೋಗಬೇಕು. ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿದರೂ ಹಳೆಯದೇ ಇರಬೇಕು ಅಂತ ಬಿಡಬೇಡಿ. ಸ್ಕ್ಯಾನ್ ಮಾಡಿಸಿ, ನೀರು ತುಂಬಿದ್ದರೆ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ. ಇಂಪ್ಲಾಂಟ್ ಸುತ್ತ ಬರುವ ಅಪರೂಪದ ಒಂದು ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಹಾಗೆಯೇ ಕಾಣಿಸಿಕೊಳ್ಳುತ್ತದೆ.

ಅದು ಮುಂದಿನ ಮಾತು. ಈಗ ಫೋನ್ ಮಾಡಿ. ಡಾಕ್ಟರ್ ನೋಡಿ ಏನಂದರು ಅಂತ ಆಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ನಾನು ಕಾಯುತ್ತಿರುತ್ತೇನೆ.