ಹೌಸ್‌ಫುಲ್ ಬೋರ್ಡಿನ ಹಿಂದಿನ ಲೆಕ್ಕ

ಓದುಗರ ಪತ್ರ: "ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಮುಂದೆ ನೂಕುನುಗ್ಗಲು. ಆದರೂ ಮಾಲೀಕರು ನಷ್ಟ ಅಂತಾರೆ. ಮೇಲೆ ಡಬಲ್ ಮೀನಿಂಗ್ ಮಾತು ಬೇರೆ. ಇದು ದುರಾಸೆ ಅಲ್ವಾ?" (ಬಾಗಲಕೋಟೆಯ ಓದುಗರು)

ಸಂಪಾದಕರ ಉತ್ತರ:

ನೀವು ಕಂಡ ನೂಕುನುಗ್ಗಲು ನಿಜ. ಆದರೆ ಅದು ಜಾತ್ರೆ ನಡೆಯುವ ಬನದ ಹುಣ್ಣಿಮೆಯ ಆಸುಪಾಸಿನ ಮಾತು. ಉಳಿದ ತಿಂಗಳು ಅದೇ ಕಂಪನಿ ಬೇರೆ ಊರುಗಳಲ್ಲಿ ಕ್ಯಾಂಪ್ ಹಾಕಿರುತ್ತದೆ. ಅಲ್ಲಿನ ಕಲೆಕ್ಷನ್ ನೋಡಲು ನೀವೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ಅಂಕಿ ನಾನು ಅಂದುಕೊಂಡದ್ದು. 600 ಕುರ್ಚಿ, 100 ರೂಪಾಯಿ ಟಿಕೆಟ್, ದಿನಕ್ಕೆ ಒಂದು ಆಟ. ತುಂಬಿದರೆ 60,000. ಪಗಾರ, ಎಲ್ಲರ ಊಟ, ಜಾಗದ ಬಾಡಿಗೆ, ಕರೆಂಟು, ಪ್ರಚಾರದ ಗಾಡಿ ಸೇರಿ ದಿನದ ಖರ್ಚು 35,000 ಇರಲಿ. ತುಂಬಿದ ದಿನ ಉಳಿಯುವುದು 25,000. ಸಂಜೆ ಮಳೆ ಬಂದು ಆಟ ನಿಂತರೆ ಹೋಗುವುದು ಹೆಚ್ಚುಕಡಿಮೆ ಪೂರ್ತಿ 35,000. ಒಂದು ಮಳೆ ಒಂದು ಹೌಸ್‌ಫುಲ್ಲನ್ನು ನುಂಗಿ ಇನ್ನೂ 10,000 ಕೇಳುತ್ತದೆ! ಇವತ್ತಿನ ಖಾಲಿ ಕುರ್ಚಿಯನ್ನು ನಾಳೆ ಮಾರಲು ಬರುವುದಿಲ್ಲ. ಮಳೆ ಬಂತು ಅಂತ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಊಟ ತಪ್ಪಿಸಲೂ ಆಗುವುದಿಲ್ಲ. ನಾಟಕ ಎಷ್ಟೇ ಹಿಟ್ ಆದರೂ ಆ ಆಟಕ್ಕೆ 601ನೇ ಟಿಕೆಟ್ ಇಲ್ಲ. (500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ಅಷ್ಟು ಪುಣ್ಯ.)

ಕ್ಯಾಂಪ್ ಬದಲಿಸುವಾಗ ತಗಡು, ಕಂಬ, ಪರದೆ ಎಲ್ಲ ಲಾರಿ ಏರಬೇಕು. ಹೊಸ ಊರಲ್ಲಿ ಥಿಯೇಟರ್ ಎದ್ದು ನಿಲ್ಲುವವರೆಗೆ ಗಳಿಕೆ ಸೊನ್ನೆ. ಒಳ್ಳೆಯ ಕಲಾವಿದರು ಬೇರೆ ಕಂಪನಿಗೆ ಹೋಗದಿರಲಿ ಅಂತ ಮೊದಲೇ ಅಡ್ವಾನ್ಸ್ ಕೊಡಬೇಕು, ಅದಕ್ಕೆ ಸಾಲ ಎತ್ತಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಆಟ ನಿಂತಿತು, ಬಡ್ಡಿ ನಿಲ್ಲಲಿಲ್ಲ.

ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು ಅಂತ ಹೆಮ್ಮೆಪಡುತ್ತೇವೆ. ಜನ ಬರಲಿ ಬಿಡಲಿ, ಆನೆಗೆ ಮೇವು ದಿನಾ ಬೇಕು. 

ಡಬಲ್ ಮೀನಿಂಗ್ ನನಗೂ ಇಷ್ಟವಿಲ್ಲ. ಆದರೆ ಅದರಲ್ಲಿ ದುರಾಸೆಗಿಂತ ಭಯವೇ ಜಾಸ್ತಿ. ಜಾತ್ರೆಯಲ್ಲಿ ಪಕ್ಕಪಕ್ಕದಲ್ಲೇ ಹಲವು ಕಂಪನಿಗಳು. ಪಕ್ಕದವರು ಟಿವಿಯ ಹಾಸ್ಯನಟರನ್ನು ಕರೆಸಿದರೆ ಜನ ಅತ್ತ ವಾಲುತ್ತಾರೆ. ವರ್ಷದ ಸಾಲ ತೀರಿಸಬೇಕಾದ ಆ ದಿನಗಳಲ್ಲಿ ಹೊಸ ಗಂಭೀರ ನಾಟಕ ಹಾಕಿ ಅಂದರೆ ಯಾವ ಮಾಲೀಕ ಒಪ್ಪುತ್ತಾನೆ? ಅಂಥ ಪ್ರಯೋಗ ಸಣ್ಣ ಊರಿನ ಕ್ಯಾಂಪಿನಲ್ಲಿ ಆಗಬೇಕು. ಅದಕ್ಕೆ ಅಲ್ಲಿನ ಪುರಸಭೆ ಮೈದಾನದ ಬಾಡಿಗೆ ಇಳಿಸಿದರೆ, ಒಮ್ಮೆ ಕೊಡುವ ಅನುದಾನಕ್ಕಿಂತ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ.